ತೆಗೆಸಿದ ಗಂಟು ಮತ್ತೆ ಯಾಕೆ ಬರುತ್ತದೆ? ಚರ್ಮದ ಅಪರೂಪದ ಸಾರ್ಕೋಮಾಗಳ ಬಗ್ಗೆ

ಬೆನ್ನಿನ ಮೇಲೋ, ಭುಜದ ಹತ್ತಿರವೋ, ಹೊಟ್ಟೆಯ ಚರ್ಮದಲ್ಲೋ ಒಂದು ಗಟ್ಟಿ ಜಾಗ. ನೋವಿಲ್ಲ, ಕೀವಿಲ್ಲ. ಸ್ನಾನ ಮಾಡುವಾಗ ಕೈಗೆ ತಾಗುತ್ತದೆ, ಅಷ್ಟೆ. ಐದಾರು ವರ್ಷ ಅದು ಅಲ್ಲೇ ಇದ್ದು ನಿಧಾನಕ್ಕೆ ಅಗಲವಾಗುತ್ತದೆ, ಆಮೇಲೆ ಮೇಲಕ್ಕೆ ಉಬ್ಬುತ್ತದೆ. ಮನೆಯವರು ಹಳೇ ಗಾಯದ ಕಲೆ ಅನ್ನುತ್ತಾರೆ, ಒಬ್ಬ ಡಾಕ್ಟರು ಕೀಲಾಯ್ಡ್ (ಉಬ್ಬಿ ಬೆಳೆದ ಗಾಯದ ಕಲೆ) ಅನ್ನುತ್ತಾರೆ, ಇನ್ನೊಬ್ಬರು ಕೊಬ್ಬಿನ ಗಡ್ಡೆ ಅನ್ನುತ್ತಾರೆ. ಕೊನೆಗೊಂದು ದಿನ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅರ್ಧ ಗಂಟೆಯಲ್ಲಿ ತೆಗೆದು ನಾಲ್ಕು ಹೊಲಿಗೆ ಹಾಕಿ ಕಳಿಸುತ್ತಾರೆ. ತೆಗೆದ ತುಂಡು ಬಯಾಪ್ಸಿಗೆ ಹೋಗುವುದೂ ಉಂಟು, ಬಕೆಟ್ಟಿಗೆ ಹೋಗುವುದೂ ಉಂಟು. ವರ್ಷ ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಹೊಲಿಗೆಯ ಗೆರೆಯ ಪಕ್ಕ ಮತ್ತೊಂದು ಗಂಟು. ಈ ಸಲ ಬಯಾಪ್ಸಿ ಆಗುತ್ತದೆ. ರಿಪೋರ್ಟಿನಲ್ಲಿ ಬಾಯಿಗೆ ಸಿಗದ ಒಂದು ಹೆಸರು: ಡರ್ಮಟೋಫೈಬ್ರೋಸಾರ್ಕೋಮಾ ಪ್ರೊಟ್ಯುಬರನ್ಸ್. ಡಾಕ್ಟರುಗಳು ಚಿಕ್ಕದಾಗಿ ಡಿಎಫ್‌ಎಸ್‌ಪಿ ಅನ್ನುತ್ತಾರೆ.

ಆಗ ಮನೆಯವರು ಕೇಳುವ ಪ್ರಶ್ನೆಗಳು ಎರಡೇ. ಹರಡಿದೆಯಾ? ಮತ್ತೆ ಬರುತ್ತಾ? ಕೇಳುವಾಗ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ, ಎರಡೂ ಒಂದೇ ಎಂದುಕೊಂಡೂ ಇರುತ್ತಾರೆ. ಆದರೆ ಮರುಕಳಿಸುವುದಕ್ಕೂ ಹರಡುವುದಕ್ಕೂ ಕಾರಣ ಬೇರೆ, ದಾರಿ ಬೇರೆ, ಅಪಾಯದ ಪ್ರಮಾಣವಂತೂ ತೀರಾ ಬೇರೆ. ಡಿಎಫ್‌ಎಸ್‌ಪಿಯಲ್ಲಿ ಮೊದಲನೆಯದು ಮಾಮೂಲು, ಎರಡನೆಯದು ಅಪರೂಪ. ಚರ್ಮದ ಬೇರೆ ಕೆಲವು ಸಾರ್ಕೋಮಾಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ರಿಪೋರ್ಟಿನಲ್ಲಿರುವ ಹೆಸರು ಯಾವುದು ಎಂಬುದು ಅದಕ್ಕೇ ಮುಖ್ಯ.

ಸಾರ್ಕೋಮಾ ಎಂದರೆ

ನಾವು ದಿನಾ ಕೇಳುವ ಸ್ತನ, ಬಾಯಿ, ಗರ್ಭಕೊರಳಿನ ಕ್ಯಾನ್ಸರ್‌ಗಳೆಲ್ಲ ಹೆಚ್ಚಾಗಿ ಹೊದಿಕೆಯ ಜೀವಕೋಶಗಳಲ್ಲಿ ಹುಟ್ಟುವಂಥವು, ಅವು ಕಾರ್ಸಿನೋಮಾಗಳು. ಸಾರ್ಕೋಮಾ ಹುಟ್ಟುವುದು ದೇಹವನ್ನು ಕಟ್ಟಿ ಹಿಡಿದಿರುವ ಅಂಗಾಂಶದಲ್ಲಿ, ಅಂದರೆ ಸ್ನಾಯು, ಕೊಬ್ಬು, ಮೂಳೆ, ರಕ್ತನಾಳ, ನಾರಿನ ಪದರಗಳಲ್ಲಿ. ದೊಡ್ಡವರಲ್ಲಿ ಕಾಣುವ ಎಲ್ಲ ಕ್ಯಾನ್ಸರ್‌ಗಳಲ್ಲಿ ಇವುಗಳ ಪಾಲು ಶೇ. 1ರ ಆಸುಪಾಸು. ಅಷ್ಟು ಚಿಕ್ಕ ಪಾಲಿನಲ್ಲೇ ಎಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಡಿಎಫ್‌ಎಸ್‌ಪಿಯನ್ನೇ ತೆಗೆದುಕೊಂಡರೆ, ಅಮೆರಿಕದ ಲೆಕ್ಕದಲ್ಲಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ನಾಲ್ವರಿಗೆ ಬರುತ್ತದೆ. ಊರಿನ ಒಬ್ಬ ಸರ್ಜನ್ ತಮ್ಮ ಇಡೀ ವೃತ್ತಿಯಲ್ಲಿ ಇದನ್ನು ಒಂದೆರಡು ಸಲ ನೋಡಿದರೆ ಹೆಚ್ಚು. ಹಾಗಾಗಿ ಮೊದಲ ಸಲ ಕೊಬ್ಬಿನ ಗಡ್ಡೆ ಎಂದುಕೊಂಡದ್ದಕ್ಕೆ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ತುಂಡನ್ನು ಬಯಾಪ್ಸಿಗೆ ಕಳಿಸದೆ ಎಸೆದಿದ್ದರೆ ಮಾತ್ರ ಕೇಳಲೇಬೇಕು.

ಈ ಕಾಯಿಲೆಯನ್ನು 1924ರಲ್ಲಿ ಫ್ರಾನ್ಸಿನ ಚರ್ಮವೈದ್ಯರಾದ ದಾರಿಯೇ ಮತ್ತು ಫೆರಾಂ ವಿವರಿಸಿದರು. ಮರುವರ್ಷ ಈಗಿನ ಹೆಸರನ್ನು ಕೊಟ್ಟವರು ಜರ್ಮನಿಯ ಎರಿಕ್ ಹಾಫ್‌ಮನ್. ಮತ್ತೆ ಮತ್ತೆ ಬರುತ್ತದೆ ಎಂಬುದು ಆ ಮೊದಲ ವಿವರಣೆಯಲ್ಲೇ ಇತ್ತು. ಯಾಕೆ ಬರುತ್ತದೆ ಎಂದು ತಿಳಿಯಲು ಗಂಟಿನ ಕೆಳಗೆ ಏನಿದೆ ಎಂದು ನೋಡಬೇಕು.

ಹೊರಗೆ ಕಾಣುವುದು ಸ್ವಲ್ಪ, ಒಳಗಿರುವುದು ಬಹಳ

ಹೊಲದಲ್ಲಿ ಜೇಕು ಕಿತ್ತವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಹುಲ್ಲನ್ನು ಎಷ್ಟು ಸಲ ಕಿತ್ತರೂ ಮಣ್ಣಿನೊಳಗೆ ಎಳೆಗಳು ಅಡ್ಡಡ್ಡ ಓಡಿ, ಅಲ್ಲಲ್ಲಿ ಗಡ್ಡೆ ಕಟ್ಟಿಕೊಂಡು ಕೂತಿರುತ್ತವೆ. ಒಂದು ಮಳೆ ಬಿದ್ದರೆ ಮತ್ತೆ ಅದೇ ಜಾಗದಲ್ಲಿ ಚಿಗುರು. ಡಿಎಫ್‌ಎಸ್‌ಪಿಯೂ ಗುಂಡಗೆ, ತನ್ನದೇ ಚೀಲದೊಳಗೆ ಬೆಳೆಯುವ ಗಡ್ಡೆಯಲ್ಲ. ಕೊಬ್ಬಿನ ಗಡ್ಡೆಗೆ ಒಂದು ತೆಳು ಕವಚವಿರುತ್ತದೆ, ಒತ್ತಿದರೆ ಇಡಿಯಾಗಿ ಹೊರಗೆ ಬರುತ್ತದೆ. ಇದಕ್ಕೆ ಕವಚವೇ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದನೆಯ, ಎರಡೂ ತುದಿ ಚೂಪಾದ ಕೋಶಗಳು ಚರ್ಮದ ಒಳಪದರವನ್ನು ತುಂಬಿಕೊಂಡು ಸುತ್ತು ಸುತ್ತಾಗಿ ಜೋಡಿಸಿಕೊಂಡಿರುತ್ತವೆ. ಅಲ್ಲಿಂದ ಕೆಳಗಿನ ಕೊಬ್ಬಿನ ಪದರಕ್ಕೆ ಇಳಿಯುತ್ತವೆ. ಇಳಿಯುವ ಬಗೆ ವಿಚಿತ್ರ: ಕೊಬ್ಬಿನ ಕೋಶಗಳನ್ನು ನಾಶ ಮಾಡುವುದಿಲ್ಲ, ಪಕ್ಕಕ್ಕೆ ತಳ್ಳುವುದೂ ಇಲ್ಲ. ಒಂದೊಂದು ಕೊಬ್ಬಿನ ಕೋಶದ ಸುತ್ತಲೂ ತೆಳ್ಳಗೆ ಬಳಸಿಕೊಂಡು, ಸಂದಿಯಿಂದ ಸಂದಿಗೆ ದಾಟುತ್ತಾ ಹೋಗುತ್ತವೆ. ಸರ್ಜನ್‌ನ ಕಣ್ಣಿಗೂ ಬೆರಳಿಗೂ ಆ ಜಾಗ ಆರೋಗ್ಯವಾದ ಹಳದಿ ಕೊಬ್ಬಿನ ಹಾಗೇ ಕಾಣುತ್ತದೆ. ಗಂಟಿನ ಅಂಚಿನಿಂದ ಒಂದು ಸೆಂಟಿಮೀಟರ್ ಆಚೆ, ಕೆಲವೊಮ್ಮೆ ಎರಡು ಮೂರು ಸೆಂಟಿಮೀಟರ್ ಆಚೆಯೂ ಈ ಎಳೆಗಳು ಇರಬಹುದು. ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಅರ್ಧ ಸೆಂಟಿಮೀಟರ್‌ಗೇ ಮುಗಿದಿರುತ್ತದೆ, ಇನ್ನೊಂದು ಕಡೆ ಉದ್ದಕ್ಕೆ ಓಡಿರುತ್ತದೆ.

ಮರುಕಳಿಸುವಿಕೆಯ ಗುಟ್ಟು ಇಷ್ಟೇ. ಬಹುಪಾಲು ಪ್ರಕರಣಗಳಲ್ಲಿ ಕಾಯಿಲೆ ಹೋಗಿ ಮತ್ತೆ ಬಂದದ್ದಲ್ಲ; ಮೊದಲ ಆಪರೇಷನ್ನಿನಲ್ಲಿ ಉಳಿದುಹೋದ ಎಳೆ ಬೆಳೆದದ್ದು. ಪಥ್ಯ ತಪ್ಪಿದ್ದಕ್ಕೋ ಹೆಚ್ಚು ಯೋಚನೆ ಮಾಡಿದ್ದಕ್ಕೋ ಬರಲಿಲ್ಲ. ಬದನೆಕಾಯಿ ತಿಂದದ್ದಕ್ಕೆ ಗಂಟು ಮರಳಿತು ಎಂದು ನೆಂಟರು ಹೇಳಿದರೆ ನಕ್ಕು ಸುಮ್ಮನಾಗಬಹುದು.

ಅಂಚಿನ ಲೆಕ್ಕ

ಈಗ ರಿಪೋರ್ಟಿನ ಕೊನೆಯ ಸಾಲುಗಳಿಗೆ ಬರೋಣ. ಓದುವವರು ಸಾಮಾನ್ಯವಾಗಿ ಹೆಸರಿನ ಮೇಲೇ ಕಣ್ಣಿಟ್ಟು ಗಾಬರಿಯಾಗುತ್ತಾರೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಮಾರ್ಜಿನ್ ಎಂಬ ಸಾಲು. ತೆಗೆದ ತುಂಡಿನ ಅಂಚಿಗೂ ಗಡ್ಡೆಯ ಕೊನೆಯ ಕೋಶಕ್ಕೂ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಅದು ಹೇಳುತ್ತದೆ. ಪಾಸಿಟಿವ್ ಎಂದಿದ್ದರೆ ಗಡ್ಡೆ ಅಂಚಿಗೆ ತಾಗಿದೆ, ಅಂದರೆ ದೇಹದೊಳಗೂ ಉಳಿದಿರುವ ಸಾಧ್ಯತೆಯೇ ಹೆಚ್ಚು. ಇಲ್ಲಿ ಪಾಸಿಟಿವ್ ಅಂದರೆ ಕೆಟ್ಟ ಸುದ್ದಿ. ಎಷ್ಟೋ ಮನೆಗಳಲ್ಲಿ ಇದನ್ನು ತಿರುವುಮುರುವು ಅರ್ಥ ಮಾಡಿಕೊಳ್ಳುತ್ತಾರೆ.

ನೆಗೆಟಿವ್ ಎಂದಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಾಮೂಲಿ ಪೆಥಾಲಜಿ ಲ್ಯಾಬಿನಲ್ಲಿ ತುಂಡನ್ನು ಕೆಲವು ಮಿಲಿಮೀಟರ್ ಅಂತರದಲ್ಲಿ ಅಡ್ಡಡ್ಡ ಹೋಳು ಮಾಡಿ, ಪ್ರತಿ ಹೋಳಿನಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ತೆಳುವಾದ ಪದರ ತೆಗೆದು ಗಾಜಿನ ಮೇಲೆ ಇಡುತ್ತಾರೆ. ಹೋಳು ಹೋಳಿನ ನಡುವೆ ಇರುವುದನ್ನು ಯಾರೂ ನೋಡಿರುವುದಿಲ್ಲ. ಲೆಕ್ಕ ಹಾಕಿದರೆ ನಿಜಕ್ಕೂ ಕಣ್ಣಿಗೆ ಬಿದ್ದ ಅಂಚು ಒಟ್ಟು ಅಂಚಿನ ಶೇ. 1ಕ್ಕೂ ಕಡಿಮೆ. ಗುಂಡಗಿನ ಗಡ್ಡೆಗೆ ಇಷ್ಟು ಸಾಕು. ತೆಳ್ಳನೆ ಎಳೆ ಬಿಟ್ಟುಕೊಂಡು ಓಡುವ ಗಡ್ಡೆಗೆ ಇದು ಸಾಲುವುದಿಲ್ಲ, ಎರಡು ಹೋಳಿನ ನಡುವಿನ ಸಂದಿಯಲ್ಲೇ ಒಂದೆಳೆ ನುಸುಳಿ ಹೋಗಿರಬಹುದು.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಸುತ್ತ 2ರಿಂದ 4 ಸೆಂ.ಮೀ. ಆರೋಗ್ಯವಾಗಿ ಕಾಣುವ ಚರ್ಮವನ್ನೂ, ಕೆಳಗೆ ಸ್ನಾಯುವಿನ ಮೇಲಿನ ಪೊರೆಯವರೆಗೂ ಸೇರಿಸಿ ಅಗಲವಾಗಿ ತೆಗೆಯುವುದು. ಬೆನ್ನು ಹೊಟ್ಟೆಗಳಲ್ಲಿ ಇದು ಆಗುವ ಕೆಲಸ. ಎರಡನೆಯದು ಮೋಸ್ ಸರ್ಜರಿ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಮೋಸ್ ಶುರುಮಾಡಿದ ವಿಧಾನ ಇದು. ತುಂಡನ್ನು ಓರೆಯಾಗಿ ಕತ್ತರಿಸಿ ತೆಗೆದು, ಅದರ ಸುತ್ತಿನ ಅಂಚೂ ತಳವೂ ಒಂದೇ ಮಟ್ಟಕ್ಕೆ ಬರುವಂತೆ ಚಪ್ಪಟೆ ಮಾಡಿ, ಆ ಇಡೀ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಲ್ಲಿ ಎಳೆ ಕಂಡಿತು ಎಂದು ನಕ್ಷೆಯಲ್ಲಿ ಗುರುತು ಹಾಕಿ, ಆ ಮೂಲೆಯಿಂದ ಮಾತ್ರ ಇನ್ನಷ್ಟು ತೆಗೆಯುತ್ತಾರೆ. ಎಲ್ಲ ಕಡೆ ಚೊಕ್ಕವಾಗುವವರೆಗೂ ಹೀಗೆಯೇ. ಮುಖ, ತಲೆ, ಕುತ್ತಿಗೆಯಂಥ ಜಾಗಗಳಲ್ಲಿ ಮೂರು ಸೆಂಟಿಮೀಟರ್ ಸುಮ್ಮನೆ ತೆಗೆಯಲಾಗುವುದಿಲ್ಲವಲ್ಲ, ಅಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಅಂಕಿಗಳನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಅಂಚಿನ ಯೋಚನೆಯೇ ಇಲ್ಲದೆ ಗಂಟನ್ನಷ್ಟೇ ತೆಗೆದ ಹಳೆಯ ವರದಿಗಳಲ್ಲಿ ಮರುಕಳಿಕೆ ಶೇ. 26ರಿಂದ 60ರವರೆಗೆ ಇತ್ತು. ಅಗಲವಾಗಿ ತೆಗೆದಾಗ ಅದು ಶೇ. 10ರ ಆಸುಪಾಸಿಗೆ ಇಳಿಯಿತು. ಮೋಸ್ ಅಥವಾ ಅದೇ ರೀತಿ ಪೂರ್ತಿ ಅಂಚು ನೋಡುವ ವಿಧಾನಗಳಲ್ಲಿ ಶೇ. 1 ಅಥವಾ 2.

ನಮ್ಮಲ್ಲಿ ಮೋಸ್ ಕಲಿತವರು ಕಡಿಮೆ. ಆದರೆ ಅದಿಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಗಡ್ಡೆ ತೆಗೆದು ಗಾಯವನ್ನು ಹೊಲಿಯದೆ ಡ್ರೆಸ್ಸಿಂಗ್ ಮಾಡಿ ಬಿಟ್ಟು, ಸುತ್ತಿನ ಅಂಚನ್ನೆಲ್ಲ ಪ್ಯಾರಾಫಿನ್ ಬ್ಲಾಕಿನಲ್ಲಿ, ಅಂದರೆ ಮೇಣದಲ್ಲಿ ಕೂರಿಸಿ ಪರೀಕ್ಷಿಸಿ, ಕೆಲವು ದಿನ ಬಿಟ್ಟು ಗಾಯ ಮುಚ್ಚುವ ವಿಧಾನವೂ ಇದೆ. ಡಿಎಫ್‌ಎಸ್‌ಪಿ ಕೋಶಗಳು ತುಂಡನ್ನು ಹೆಪ್ಪುಗಟ್ಟಿಸಿ ತಕ್ಷಣ ನೋಡುವ ಫ್ರೋಜನ್ ಸ್ಲೈಡಿನಲ್ಲಿ ಸರಿಯಾಗಿ ಗುರುತು ಸಿಗುವುದಿಲ್ಲವಾದ್ದರಿಂದ, ಎಷ್ಟೋ ಕಡೆ ಈ ನಿಧಾನದ ದಾರಿಯನ್ನೇ ಹೆಚ್ಚು ನಂಬುತ್ತಾರೆ. ಒಂದು ವಾರ ತೆರೆದ ಗಾಯ ಇಟ್ಟುಕೊಂಡಿರುವುದು ರೋಗಿಗೆ ಕಿರಿಕಿರಿ, ನಿಜ. ಆದರೆ ಅಂಚು ಚೊಕ್ಕ ಎಂಬ ರಿಪೋರ್ಟ್ ಬರುವ ಮೊದಲೇ ಪಕ್ಕದ ಚರ್ಮವನ್ನು ತಿರುಗಿಸಿ ಮುಚ್ಚಿದರೆ ಒಂದು ತೊಂದರೆಯಿದೆ: ಎಳೆ ಉಳಿದಿದ್ದರೆ ಅದೂ ಚರ್ಮದ ಜೊತೆ ಜಾಗ ಬದಲಿಸುತ್ತದೆ, ಇನ್ನೊಮ್ಮೆ ಎಲ್ಲಿ ಹುಡುಕಬೇಕು ಎಂಬುದೇ ತಿಳಿಯದಂತಾಗುತ್ತದೆ. ಮಾರ್ಗಸೂಚಿಗಳು ಇದನ್ನು ಬೇಡ ಎನ್ನುವುದು ಈ ಕಾರಣಕ್ಕೆ.

ಕತ್ತಿ ತಾಗಿದರೆ ಹರಡುತ್ತದೆಯೇ?

ಸೂಜಿ ಚುಚ್ಚಿದರೆ, ಕತ್ತಿ ತಾಗಿಸಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ಅರ್ಧಂಬರ್ಧ ಆಪರೇಷನ್ ಆದಮೇಲೆ ಗಂಟು ದೊಡ್ಡದಾಗಿ ಬಂದದ್ದನ್ನು ಕಂಡವರೇ ಇದನ್ನು ಹುಟ್ಟುಹಾಕಿರಬೇಕು. ಅವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ತಪ್ಪು. ಬಯಾಪ್ಸಿಯಿಂದ ಡಿಎಫ್‌ಎಸ್‌ಪಿ ಶ್ವಾಸಕೋಶಕ್ಕೆ ಹಾರುವುದಿಲ್ಲ. ಆದರೆ ಬಯಾಪ್ಸಿ ಎಲ್ಲಿ, ಎಷ್ಟು ಆಳಕ್ಕೆ ಮಾಡುತ್ತಾರೆ ಎಂಬುದು ಮುಖ್ಯ. ಮೇಲ್ಮೈ ಕೆರೆದು ತೆಗೆದರೆ ಕೊಬ್ಬಿಗೆ ಇಳಿದ ಭಾಗ ಸಿಗುವುದಿಲ್ಲ, ಸಾಧಾರಣ ನಾರುಗಂಟು ಎಂದು ರಿಪೋರ್ಟ್ ಬಂದುಬಿಡಬಹುದು. ಪಂಚ್ ಅಥವಾ ಚಿಕ್ಕ ಸೀಳು ಹಾಕಿ ಕೊಬ್ಬಿನವರೆಗೆ ತೆಗೆಯಬೇಕು. ಸಿಡಿ34 ಎಂಬ ಬಣ್ಣದ ಪರೀಕ್ಷೆಯಲ್ಲಿ ಈ ಕೋಶಗಳು ಸಾಮಾನ್ಯವಾಗಿ ಬಣ್ಣ ಹಿಡಿಯುತ್ತವೆ. ಡರ್ಮಟೋಫೈಬ್ರೋಮಾ ಎಂಬ ನಿರಪಾಯಕಾರಿ ನಾರುಗಂಟು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಗುಟ್ಟು ಬಯಲಾಗುವುದು ಅಲ್ಲೇ.

ನಿಜವಾದ ಹರಡುವಿಕೆ

ಡಿಎಫ್‌ಎಸ್‌ಪಿ ಬೇರೆ ಅಂಗಕ್ಕೆ ಹೋಗುವುದು ಶೇ. 5ಕ್ಕಿಂತ ಕಡಿಮೆ ಜನರಲ್ಲಿ. ಅಮೆರಿಕದ ಅಂಕಿಗಳಲ್ಲಿ ಹತ್ತು ವರ್ಷ ಬದುಕುಳಿಯುವವರ ಪ್ರಮಾಣ ಶೇ. 99ರ ಹತ್ತಿರ. ಕ್ಯಾನ್ಸರ್ ಎಂಬ ಮಾತು ಕೇಳಿ ಮನೆ ಮಾರಲು ಹೊರಟವರಿಗೆ ಮೊದಲು ಇದನ್ನು ಹೇಳಬೇಕು.

ಹೋದರೆ ಎಲ್ಲಿಗೆ ಹೋಗುತ್ತದೆ? ಕಾರ್ಸಿನೋಮಾಗಳು ಹೆಚ್ಚಾಗಿ ಮೊದಲು ಕಂಕುಳು, ತೊಡೆಸಂದು, ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ಹೋಗುತ್ತವೆ. ಸಾರ್ಕೋಮಾಗಳಿಗೆ ರಕ್ತದ ದಾರಿಯೇ ವಾಡಿಕೆ. ದೇಹದ ಅಭಿಧಮನಿಗಳ ರಕ್ತವೆಲ್ಲ ಹೃದಯದ ಬಲಭಾಗಕ್ಕೆ ಬಂದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ತಪ್ಪಿಸಿಕೊಂಡು ಬಂದ ಕೋಶಗಳು ಅಲ್ಲಿನ ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಾರ್ಕೋಮಾ ರೋಗಿಗೆ ಎದೆಯ ಸಿಟಿ ಬರೆಯುವುದು ಇದಕ್ಕೇ. ಹಾಗಂತ ಡಿಎಫ್‌ಎಸ್‌ಪಿ ಇರುವ ಎಲ್ಲರಿಗೂ ಸಿಟಿ, ಪೆಟ್ ಸ್ಕ್ಯಾನ್ ಬೇಕಾಗಿಲ್ಲ. ಚಿಕ್ಕ, ಮೊದಲ ಸಲದ, ಮಾಮೂಲಿ ಗಡ್ಡೆಗೆ ಕೈಯಲ್ಲಿ ಮುಟ್ಟಿ ನೋಡುವುದು ಸಾಕು. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬ ಅನುಮಾನವಿದ್ದರೆ ಆ ಜಾಗದ ಎಂಆರ್‌ಐ.

ಒಂದು ಪದ ಮಾತ್ರ ರಿಪೋರ್ಟಿನಲ್ಲಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು: ಫೈಬ್ರೋಸಾರ್ಕೊಮಾಟಸ್ ಬದಲಾವಣೆ. ಗಡ್ಡೆಯ ಯಾವುದೋ ಒಂದು ಭಾಗದಲ್ಲಿ ಕೋಶಗಳು ಒತ್ತೊತ್ತಾಗಿ, ಬೇಗ ಬೇಗ ವಿಭಜನೆಯಾಗುತ್ತಾ, ಸಿಡಿ34 ಬಣ್ಣವನ್ನು ಕಳೆದುಕೊಳ್ಳುತ್ತಾ ಹೋಗುವುದು ಇದು. ಹತ್ತರಲ್ಲಿ ಒಂದು ಗಡ್ಡೆಯ ಆಸುಪಾಸು ಹೀಗಿರುತ್ತದೆ. ಇಂಥವರಲ್ಲಿ ದೂರಕ್ಕೆ ಹರಡುವ ಸಾಧ್ಯತೆ ಶೇ. 10ರಿಂದ 15ಕ್ಕೆ ಏರುತ್ತದೆ. ಮೇಲೆ ಬಿಡಿಸಿಟ್ಟ ಎರಡು ದಾರಿಗಳು ಕೂಡುವುದೂ ಇಲ್ಲೇ: ಹರಡಿದ ಪ್ರಕರಣಗಳನ್ನು ಹಿಂದಕ್ಕೆ ನೋಡಿದರೆ, ಬಹಳಷ್ಟು ಜನರಿಗೆ ಅದೇ ಜಾಗದಲ್ಲಿ ಎರಡು ಮೂರು ಸಲ ಗಂಟು ಮರುಕಳಿಸಿತ್ತು. ಒಂದು ಸಲ ಮರುಕಳಿಸಿದರೆ ಪ್ರಾಣಕ್ಕೆ ಕುತ್ತಿಲ್ಲ, ಆದರೆ ಅದನ್ನು ವರ್ಷಗಟ್ಟಲೆ ಹಾಗೇ ಬಿಡುವುದು, ಮತ್ತೆ ಮತ್ತೆ ಚಿಕ್ಕದಾಗಿ ಕೆತ್ತಿಸುವುದು ಒಳ್ಳೆಯದಲ್ಲ.

ಹೆಸರು ಬೇರೆಯಾದರೆ ಲೆಕ್ಕವೂ ಬೇರೆ

ಚರ್ಮದ ಸಾರ್ಕೋಮಾ ಎಂಬ ಒಂದೇ ಮಾತಿನಡಿ ಬರುವ ಇನ್ನೆರಡನ್ನು ಪಕ್ಕದಲ್ಲಿಟ್ಟು ನೋಡಿ. ಎಪಿಥೀಲಿಯಾಯ್ಡ್ ಸಾರ್ಕೋಮಾವನ್ನು 1970ರಲ್ಲಿ ಪೆಥಾಲಜಿಸ್ಟ್ ಎಂಜಿಂಗರ್ ವಿವರಿಸಿದರು. ಹದಿಹರೆಯದವರ, ಯುವಕರ ಬೆರಳು, ಅಂಗೈ, ಮುಂಗೈಯಲ್ಲಿ ಒಂದು ಗಟ್ಟಿ ಗಂಟು ಅಥವಾ ಮಾಯದ ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ಸ್ಲೈಡಿನಲ್ಲಿ ಗ್ರ್ಯಾನ್ಯುಲೋಮಾದ ಹಾಗೆ ಕಂಡು ಮೋಸ ಮಾಡುತ್ತದೆ. ಗ್ರ್ಯಾನ್ಯುಲೋಮಾ, ಅಂದರೆ ಉರಿಯೂತದ ಕೋಶಗಳು ಗುಂಪುಕಟ್ಟಿದ ಗಂಟು, ಎಂದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಟಿಬಿ. ಇದು ಸಾರ್ಕೋಮಾಗಳ ವಾಡಿಕೆ ಮುರಿದು ದುಗ್ಧರಸ ಗ್ರಂಥಿಗಳಿಗೂ ಹೋಗುತ್ತದೆ, ಶ್ವಾಸಕೋಶಕ್ಕೂ ಹೋಗುತ್ತದೆ. ಕೈಯಲ್ಲೇ ಮೇಲಕ್ಕೆ, ಮೊಣಕೈ ಕಡೆಗೆ ಸಾಲಾಗಿ ಹೊಸ ಗಂಟುಗಳು ಏಳುವುದು ಇದರ ಚಾಳಿ.

ಆಂಜಿಯೋಸಾರ್ಕೋಮಾ ಇನ್ನೂ ಕೆಟ್ಟದ್ದು. ರಕ್ತನಾಳದ ಒಳಗೋಡೆಯ ಕೋಶಗಳಿಂದ ಹುಟ್ಟುತ್ತದೆ. ವಯಸ್ಸಾದವರ ನೆತ್ತಿಯಲ್ಲೋ ಹಣೆಯಲ್ಲೋ ಬಿದ್ದು ಪೆಟ್ಟಾದ ಹಾಗೆ ಒಂದು ನೀಲಿ ಕಲೆ. ವಾರಗಳು ಕಳೆದರೂ ಮಾಸುವುದಿಲ್ಲ, ಬದಲಿಗೆ ಹಬ್ಬುತ್ತದೆ. ಅಂಚು ಎಲ್ಲಿದೆ ಎಂದು ಸೂಕ್ಷ್ಮದರ್ಶಕಕ್ಕೂ ಸರಿಯಾಗಿ ಸಿಗದು. ದೂರ ದೂರದಲ್ಲಿ ಬಿಡಿ ಬಿಡಿಯಾಗಿ ಕಾಣಿಸಿಕೊಳ್ಳುವುದರಿಂದ ಅಗಲವಾಗಿ ತೆಗೆದರೂ ಮರುಕಳಿಸುತ್ತದೆ, ಶ್ವಾಸಕೋಶಕ್ಕೂ ಬೇಗ ಹೋಗುತ್ತದೆ. ಐದು ವರ್ಷ ದಾಟುವವರು ಅರ್ಧಕ್ಕಿಂತ ಕಡಿಮೆ. ಸ್ತನದ ಕ್ಯಾನ್ಸರ್ ಆಪರೇಷನ್ ಆಗಿ ವರ್ಷಗಟ್ಟಲೆ ಬಾವು ಬಂದ ತೋಳಿನಲ್ಲಿ ಇದು ಹುಟ್ಟುವುದನ್ನು 1948ರಲ್ಲಿ ಸ್ಟೀವರ್ಟ್ ಮತ್ತು ಟ್ರೀವ್ಸ್ ವರದಿ ಮಾಡಿದರು. ಬಹಳ ಕಾಲದ ಆನೆಕಾಲು ರೋಗದ ಕಾಲಿನಲ್ಲೂ ಇದು ಕಾಣಿಸಿಕೊಂಡ ಉದಾಹರಣೆಗಳಿವೆ, ತೀರಾ ವಿರಳವಾಗಿ. ನಮ್ಮ ಕರಾವಳಿಯಲ್ಲಿ ಹಳೆಯ ಆನೆಕಾಲಿನವರು ಇನ್ನೂ ಇದ್ದಾರೆ. ಅಂಥ ಕಾಲಿನಲ್ಲಿ ನೇರಳೆ ಬಣ್ಣದ ಹೊಸ ಕಲೆಯೋ ಗಂಟೋ ಎದ್ದರೆ ಎಣ್ಣೆ ಹಚ್ಚುತ್ತಾ ಕೂರದೆ ತೋರಿಸಬೇಕು.

ಒಂದು ತಪ್ಪು ಜೋಡಣೆ, ಒಂದು ಮಾತ್ರೆ

ಡಿಎಫ್‌ಎಸ್‌ಪಿ ಯಾಕೆ ಹುಟ್ಟುತ್ತದೆ ಎಂಬುದಕ್ಕೆ 1997ರಲ್ಲಿ ಸ್ಪಷ್ಟ ಉತ್ತರ ಸಿಕ್ಕಿತು. ಚರ್ಮದ ಒಂದು ಕೋಶದಲ್ಲಿ 17 ಮತ್ತು 22ನೇ ವರ್ಣತಂತುಗಳು ತುಂಡಾಗಿ ತಪ್ಪಾಗಿ ಅಂಟಿಕೊಳ್ಳುತ್ತವೆ. 17ರಲ್ಲಿ ಇರುವುದು ಕೊಲಾಜೆನ್ ತಯಾರಿಸುವ ಜೀನ್. ಚರ್ಮದ ನಾರುಕೋಶಗಳಲ್ಲಿ ಅದು ಸದಾ ಚಾಲೂ. 22ರಲ್ಲಿರುವುದು ಪಿಡಿಜಿಎಫ್-ಬಿ, ಕೋಶಗಳಿಗೆ ಬೆಳೆಯಿರಿ ಎಂದು ಹೇಳುವ ಪ್ರೋಟೀನಿನ ಜೀನ್. ಅದನ್ನು ದೇಹ ಅಳತೆ ನೋಡಿ ಬಳಸುತ್ತದೆ. ಎರಡೂ ಅಂಟಿಕೊಂಡಾಗ ಕೊಲಾಜೆನ್‌ನ ಸ್ವಿಚ್ಚಿನಿಂದ ಬೆಳವಣಿಗೆಯ ಪ್ರೋಟೀನು ಹಗಲಿರುಳೂ ತಯಾರಾಗುತ್ತದೆ. ತಯಾರಿಸಿದ ಕೋಶವೇ ಅದನ್ನು ಹಿಡಿದುಕೊಂಡು ಮತ್ತೆ ವಿಭಜನೆಯಾಗುತ್ತದೆ. ಶೇ. 90ಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಈ ಜೋಡಣೆ ಸಿಗುತ್ತದೆ. ವಂಶದಿಂದ ಬಂದದ್ದಲ್ಲ, ಒಂದು ಕೋಶದಲ್ಲಿ ಮಾತ್ರ ಆದದ್ದು. ಆದ್ದರಿಂದ ತಂದೆತಾಯಿಯಿಂದ ಮಕ್ಕಳಿಗೆ ದಾಟುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ.

ಆ ಪ್ರೋಟೀನು ಕೂರುವ ಗ್ರಾಹಕವನ್ನು ಇಮಾಟಿನಿಬ್ ಎಂಬ ಮಾತ್ರೆ ತಡೆಯುತ್ತದೆ. ರಕ್ತದ ಕ್ಯಾನ್ಸರಿಗೆ ಬಂದ ಔಷಧಿ ಇದು. ತೆಗೆಯಲಾಗದ, ಮರುಕಳಿಸಿದ ಅಥವಾ ಹರಡಿದ ಡಿಎಫ್‌ಎಸ್‌ಪಿಗೂ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸುಮಾರು ಅರ್ಧದಷ್ಟು ಜನರಲ್ಲಿ ಗಡ್ಡೆ ಕುಗ್ಗುತ್ತದೆ, ಕೆಲವರಲ್ಲಿ ಆಪರೇಷನ್ ಮಾಡುವಷ್ಟು ಚಿಕ್ಕದಾಗುತ್ತದೆ. ಜೀನ್ ಜೋಡಣೆ ಇಲ್ಲದ ಗಡ್ಡೆಗೆ ಇದು ನಾಟುವುದಿಲ್ಲ, ಹಾಗಾಗಿ ಮಾತ್ರೆ ಶುರುಮಾಡುವ ಮುನ್ನ ಆ ಜೋಡಣೆ ಇದೆಯೇ ಎಂದು ನೋಡುವ ಫಿಶ್ ಪರೀಕ್ಷೆ ಮಾಡಿಸಬೇಕು. ಆಪರೇಷನ್ ಸಾಧ್ಯವಿರುವವರು ಅದನ್ನು ಬಿಟ್ಟು ಮಾತ್ರೆ ನುಂಗುತ್ತಾ ಕೂರುವುದಲ್ಲ ಇದು. ಬೆಲೆಯ ವಿಷಯದಲ್ಲಿ ಭಾರತದವರು ಅದೃಷ್ಟವಂತರು: ಈ ಔಷಧಿಯ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದರೆ, ಇಲ್ಲಿನ ಜೆನೆರಿಕ್ ಹತ್ತು ಸಾವಿರದ ಒಳಗೆ ಸಿಗುತ್ತಿತ್ತು.

ಅಂಚು ಪಾಸಿಟಿವ್ ಬಂದು ಇನ್ನು ತೆಗೆಯಲು ಜಾಗವೇ ಇಲ್ಲ ಎನ್ನುವವರಿಗೆ ರೇಡಿಯೇಷನ್ ನೆರವಾಗುತ್ತದೆ. ಹಳೇ ಮಾದರಿಯ ಕಿಮೊಗೆ ಇಲ್ಲಿ ಹೆಚ್ಚು ಕೆಲಸವಿಲ್ಲ.

ಆಮೇಲೆ ಎಷ್ಟು ದಿನ ನೋಡಿಕೊಳ್ಳಬೇಕು?

ಮರುಕಳಿಸುವುದಿದ್ದರೆ ಹೆಚ್ಚಿನದು ಮೊದಲ ಮೂರು ವರ್ಷದೊಳಗೆ. ಆ ಅವಧಿಯಲ್ಲಿ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸುವುದು ವಾಡಿಕೆ. ಹತ್ತು ವರ್ಷದ ಮೇಲೆ ಬಂದ ಉದಾಹರಣೆಗಳೂ ಇರುವುದರಿಂದ ಐದು ವರ್ಷಕ್ಕೆ ಫೈಲ್ ಮುಚ್ಚುವಂತಿಲ್ಲ. ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವೇನಲ್ಲ. ಹೊಲಿಗೆಯ ಗೆರೆಯ ಉದ್ದಕ್ಕೂ, ಅದರ ಎರಡೂ ಬದಿಗೆ ನಾಲ್ಕು ಬೆರಳಗಲ ಜಾಗವನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಗಾಯದ ಕಲೆ ಕಾಲ ಕಳೆದಂತೆ ಮೆತ್ತಗಾಗುತ್ತಾ ಹೋಗುತ್ತದೆ. ಮೆತ್ತಗಾಗಿದ್ದ ಕಲೆ ಮತ್ತೆ ಗಟ್ಟಿಯಾಗತೊಡಗಿದರೆ ಅದು ಬಯಾಪ್ಸಿಯ ಸಮಯ. ಬೆನ್ನಾದರೆ ಮನೆಯವರ ಕೈ ಬೇಕು. ಬಸುರಿನಲ್ಲಿ ಈ ಗಡ್ಡೆ ಚುರುಕಾಗಿ ಬೆಳೆದ ವರದಿಗಳಿರುವುದರಿಂದ, ಹಿಂದೆ ಆಪರೇಷನ್ ಆದವರು ಆಗ ಇನ್ನೊಂದಿಷ್ಟು ಗಮನ ಕೊಡುವುದು ಒಳ್ಳೆಯದು.

ಬೇರೆ ಊರಿನ ದೊಡ್ಡಾಸ್ಪತ್ರೆಗೆ, ಬೆಂಗಳೂರಿನ ಕಿದ್ವಾಯಿಗೋ ಮುಂಬೈನ ಟಾಟಾ ಮೆಮೋರಿಯಲ್‌ಗೋ ಹೋಗುವವರು ರಿಪೋರ್ಟಿನ ಜೆರಾಕ್ಸ್ ಹಿಡಿದುಕೊಂಡು ಹೋದರೆ ಸಾಲದು. ಸಾರ್ಕೋಮಾಗಳಲ್ಲಿ ಎರಡನೇ ಪೆಥಾಲಜಿಸ್ಟ್ ನೋಡಿದಾಗ ಹೆಸರೇ ಬದಲಾಗುವುದುಂಟು. ಮೊದಲು ಪರೀಕ್ಷೆ ಮಾಡಿದ ಲ್ಯಾಬಿನಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಬೇಕು. ಅರ್ಜಿ ಬರೆದುಕೊಟ್ಟರೆ ಕೊಡುತ್ತಾರೆ. ಜೊತೆಗೆ ಮೊದಲ ಆಪರೇಷನ್ನಿನ ಟಿಪ್ಪಣಿ, ಆಗುವುದಕ್ಕೆ ಮುಂಚೆ ಮೊಬೈಲಿನಲ್ಲಿ ತೆಗೆದ ಗಂಟಿನ ಫೋಟೊ ಇದ್ದರೆ ಅದೂ ಇರಲಿ. ಬ್ಲಾಕನ್ನು ಬಿಸಿಲು ಬೀಳುವ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.